ಸೀಸದ ಬಿಲ್ಲೆಗಳು

ಎಂಟು ವರ್ಷದ ಸಮೂಲಿ ತೀರಾ ಹಗುರ.
ಕಾರ್ಟ್ ಸಮೇತ ತಕ್ಕಡಿ ಹತ್ತಿಸಿದರೂ
ಮುಳ್ಳು ಗೆರೆ ಮುಟ್ಟದು.
ಅಪ್ಪ ಸೀಸ ಕರಗಿಸಿ, ಕಾಫಿ ಡಬ್ಬಿಯ ಮುಚ್ಚಳದಲ್ಲಿ
ಬಿಲ್ಲೆ ಎರೆದು, ಸೀಟಿನಡಿಗೆ ಬೋಲ್ಟು ಬಿಗಿದ.
ಒಂಬತ್ತು ಬಿಲ್ಲೆ. ಎಣಿಸಿದವಳು ನಾನು.
ಓಡುವ ಮೊದಲು ಭಾರ ಹೊರಬೇಕೆಂದು
ರೂಲು ಪುಸ್ತಕದಲ್ಲೇ ಇತ್ತು.

ಅಪ್ಪ ರೈಮೊ, ಕಾಯಾನಿಯ ಆಚೆ
ಹಿಮ ಗೋರುವ ಲಾರಿಯ ಡ್ರೈವರು.
ರಾತ್ರಿ ಎರಡಕ್ಕೆ ಎದ್ದು, ಗಂಟೆಗೆ ಮೂವತ್ತರಲ್ಲಿ
ಯಾರೂ ಇಲ್ಲದ ರಸ್ತೆ ಬಿಡಿಸಿಟ್ಟು ಬರುತ್ತಿದ್ದ
ಬೆಳಗಿನ ಶಾಲೆ ಬಸ್ಸಿಗೆ.
ಬಸ್ಸಿನೊಳಗಿನವರು ಅವನನ್ನು ನೋಡಿದ್ದೇ ಇಲ್ಲ.

ನನಗೆ ಹನ್ನೊಂದು. ಕೈಗವಸಿನೊಳಗೆ ಮರಗಟ್ಟಿದ ಬೆರಳು,
ಬೆರಳ ಕೆಳಗೆ ಸ್ಟಾಪ್‌ವಾಚು.
ಲೆಕ್ಕದ ಪುಸ್ತಕವೂ ನನ್ನದೇ:
ಒಂದು ಜೊತೆ ಟೈರು, ಇಡೀ ತಿಂಗಳ ದಿನಸಿ.
ಇಟಲಿಗೆ ಹೋಗಿ ಬಂದ ಡೀಸೆಲು, ಅಮ್ಮನ ಪಿಯಾನೊ.
ಮುಂದಿನ ಪುಟದಲ್ಲಿ ಸರೋವರದಂಚಿನ ಸ್ಪ್ರೂಸ್ ತೋಪು,
ಅದಕ್ಕೆ ಸಿಕ್ಕಿದ್ದು ಒಂದು ಎಂಜಿನ್ನು,
ಅದೂ ಬಾಡಿಗೆಗೆ.

ಒಂದು ಸಂಜೆ, ಟ್ರ್ಯಾಕು ಖಾಲಿ.
ಹೆಲ್ಮೆಟ್ ಕಳಚಿ ಕೊಟ್ಟು
"ಒಂದು ಸುತ್ತು ಹೋಗಿ ಬಾ" ಅಂದ ತಮ್ಮ.
ಹೋದೆ.
ಮೂರನೇ ತಿರುವು ಮೈಮೇಲೆ ಬಂದಾಗ
ಬ್ರೇಕಿನ ಕಾಲು ತಾನಾಗಿಯೇ ಕಾದು ನಿಂತಿತು,
ಇನ್ನೂ ಇಲ್ಲ, ಇನ್ನೂ ಇಲ್ಲ, ಈಗ.
ಬಂದು ಇಳಿದಾಗ ಅವನು ನನ್ನನ್ನೇ ನೋಡುತ್ತಿದ್ದ,
ಬಾಯಿ ಅರ್ಧ ತೆರೆದು.
ಸ್ಟಾಪ್‌ವಾಚು ನನ್ನ ಜೇಬಿನಲ್ಲೇ ಇತ್ತು.
ಅಪ್ಪ ಟ್ರೈಲರಿನ ಹಗ್ಗ ಬಿಗಿದು
"ಹತ್ತಿ, ಕತ್ತಲಾಯಿತು" ಅಂದ.
ಹತ್ತಿದೆವು.

ಹದಿನಾರಕ್ಕೆ ಜರ್ಮನಿ.
ಹೆಲ್ಮೆಟ್ಟಿನ ಮೇಲೆ ನಮ್ಮೂರ ಮರದ ಮಿಲ್ಲಿನ ಹೆಸರು,
ಅದರ ಕೆಳಗೆ ಚಿಕ್ಕದಾಗಿ ಹಲ್ಲಿನ ಡಾಕ್ಟರದ್ದು.
ಮಳೆಯಲ್ಲಿ ಒಂದು ಗೆಲುವು, ಬಿಸಿಲಲ್ಲಿ ಎರಡು,
ಮುರಿದು ಕೂಡಿದ ಒಂದು ಕೊರಳೆಲುಬು.
ಆಮೇಲೆ ಮೈ ಬೆಳೆಯತೊಡಗಿತು.
ಅದನ್ನು ತಡೆಯಬಲ್ಲ ಎಂಜಿನಿಯರು ಯಾವ ತಂಡದಲ್ಲೂ ಇರಲಿಲ್ಲ.
ಆರಡಿ ಎರಡಂಗುಲ.
ತಕ್ಕಡಿ ಮಾತು ಬದಲಿಸಿತು.
ಬೇಯಿಸಿದ ಟರ್ನಿಪ್ಪು, ಕರಿ ಕಾಫಿ,
ಸೌನಾದ ಮೇಲಿನ ಹಲಗೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತು
ತನ್ನನ್ನೇ ಹನಿಹನಿಯಾಗಿ ಇಳಿಸಿಕೊಳ್ಳುವ ಹುಡುಗ.
ನಡುರಾತ್ರಿ ಫ್ರಿಜ್ಜಿನ ಬಾಗಿಲು ತೆಗೆದು
ಬರೀ ಬೆಳಕು ನೋಡಿ ಮುಚ್ಚುವ ಸದ್ದು.

ಮೇಲಿನ ಮೆಟ್ಟಿಲಲ್ಲಿ ಇದ್ದದ್ದು ಒಂದೇ ಸೀಟು.
ಅದು ಸಿಕ್ಕವನು ನಿಧಾನಿಯೇನಲ್ಲ, ಹೇಳಲೇಬೇಕು,
ಸಮೂಲಿಗಿಂತ ಒಂದು ರೆಪ್ಪೆಯಷ್ಟು ಹಿಂದೆ.
ಅವನಪ್ಪನಿಗೆ ಹಡಗುಗಳಿದ್ದವು.
ನಮ್ಮಪ್ಪನ ಬಳಿ ಮಾರಲು
ಇನ್ನು ಹಿಮ ಮಾತ್ರ ಉಳಿದಿತ್ತು.

ಈಗ ಅವನಿಗೆ ಇಪ್ಪತ್ತೊಂಬತ್ತು.
ಇಂಗ್ಲೆಂಡಿನ ಕಾರ್ಖಾನೆಯೊಂದರಲ್ಲಿ
ಕಿಟಕಿ ಇಲ್ಲದ ಕೋಣೆ, ಚಕ್ರ ಇಲ್ಲದ ಕಾರು.
ಶುಕ್ರವಾರ ಸಂಜೆ ಒಳಗೆ ಹೋದರೆ
ಎಲ್ಲೋ ಮರಳುಗಾಡಿನಲ್ಲಿ ನಡೆಯಲಿರುವ ರೇಸನ್ನು
ಪರದೆಯ ಮೇಲೆ ಬೆಳಗಿನ ತನಕ ಓಡಿಸುತ್ತಾನೆ.
ಸ್ಪ್ರಿಂಗು ಒಂದೆಳೆ ಬಿಗಿ, ರೆಕ್ಕೆ ಒಂದೆಳೆ ಕೆಳಗೆ,
ಮತ್ತೆ, ಮತ್ತೆ,
ಇನ್ನೂರು ಸುತ್ತು, ಊರು ಬಿಟ್ಟು ಕದಲದೆ.
"ಎಷ್ಟು ತೂಕ ಇರಬೇಕು?" ಫೋನಿನಲ್ಲಿ ಕೇಳಿದೆ.
"ಇಲ್ಲಿ ಯಾರೂ ತೂಗುವುದಿಲ್ಲ" ಅಂದ.
ಬಾಯಲ್ಲಿ ಏನೋ ಅಗಿಯುತ್ತಿದ್ದ.

ಭಾನುವಾರ ಇನ್ನೊಬ್ಬ ಗೆದ್ದು ಶಾಂಪೇನು ಚಿಮ್ಮಿಸಿದ.
ಅಪ್ಪ ಟೀವಿಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು
"ಆ ತಿರುವು ನೋಡು, ನಮ್ಮವನು ಬಿಡಿಸಿಟ್ಟದ್ದು" ಅಂದ,
ಮತ್ತು ಎರಡಕ್ಕೆ ಏಳಬೇಕೆಂದು ಬೇಗ ಮಲಗಿದ.

ಬಿಲ್ಲೆಗಳು ಇವೆ ಇನ್ನೂ. ಏಳು.
ಎರಡು ಎಲ್ಲಿ ಹೋದವೋ.
ಜನವರಿಯಲ್ಲಿ ಸರೋವರದ ಗಡ್ಡೆ ಕೊರೆದು
ಬಲೆಯ ಅಂಚಿಗೆ ಅವನ್ನೇ ಕಟ್ಟಿ ಇಳಿಬಿಡುತ್ತೇವೆ, ನಾನೂ ಅಪ್ಪನೂ.
ತೂತಿನ ತುಂಬ ಕಪ್ಪು ನೀರು.
ಬೆರಳ ಸಂದಿಯಲ್ಲಿ ಹಗ್ಗ ಸರಸರ ಜಾರುತ್ತದೆ.
ಇನ್ನೂ ಇಲ್ಲ,
ಇನ್ನೂ ಇಲ್ಲ,
ಹಗ್ಗ ಸಡಿಲ.